ಕರ್ನಾಟಕದಲ್ಲಿ ಕೋವಿಡ್-19: ಸೋಂಕಿನ ಅನುಭವಗಳು ಮತ್ತು ಮುನ್ನೆಚ್ಚರಿಕೆಗಳು

ಕರ್ನಾಟಕದಲ್ಲಿ ಕೋವಿಡ್-19 ಸಾಂಕ್ರಾಮಿಕವು 2020ರ ಮಾರ್ಚ್ ತಿಂಗಳಲ್ಲಿ ಕಾಣಿಸಿಕೊಂಡು, ಮೂರು ದೊಡ್ಡ ಅಲೆಗಳಾಗಿ ರಾಜ್ಯದ ಎಲ್ಲ ಜಿಲ್ಲೆಗಳನ್ನೂ ವ್ಯಾಪಿಸಿತು. ಅಧಿಕೃತ ಲೆಕ್ಕದಂತೆ ರಾಜ್ಯದಲ್ಲಿ 40 ಲಕ್ಷಕ್ಕೂ ಹೆಚ್ಚು ಸೋಂಕುಗಳು ದೃಢಪಟ್ಟವು. 40 ಸಾವಿರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಒಂದೇ ವೈರಾಣುವಿನಿಂದ ಬಂದ ರೋಗವಾದರೂ ಅದನ್ನು ಜನರು ಅನುಭವಿಸಿದ ಬಗೆ ಒಂದೇ ಆಗಿರಲಿಲ್ಲ. ಕೆಲವರಿಗೆ ಸೋಂಕು ತಗುಲಿದ್ದೇ ತಿಳಿಯಲಿಲ್ಲ. ಕೆಲವರು ನಾಲ್ಕು ದಿನದ ಜ್ವರದಲ್ಲಿ ಚೇತರಿಸಿಕೊಂಡರು. ಕೆಲವರು ಆಮ್ಲಜನಕದ ಆಸರೆಯಲ್ಲಿ ವಾರಗಟ್ಟಲೆ ಕಳೆದರು. ಕೆಲವರು ಮರಳಿ ಬರಲಿಲ್ಲ. ಮುನ್ನೆಚ್ಚರಿಕೆಯ ವಿಷಯದಲ್ಲಿಯೂ ಇದೇ ಬಗೆಯ ಭಿನ್ನತೆ ಕಂಡುಬಂದಿತು. ಈ ಲೇಖನವು ಆ ಭಿನ್ನ ಅನುಭವಗಳನ್ನು, ಅವುಗಳ ಹಿಂದಿನ ಕಾರಣಗಳನ್ನು ಮತ್ತು ಮುನ್ನೆಚ್ಚರಿಕೆಯ ಕ್ರಮಗಳನ್ನು ವಿವರಿಸುತ್ತದೆ.

ಹಿನ್ನೆಲೆ

ಕೋವಿಡ್-19 ರೋಗವು ಸಾರ್ಸ್-ಕೋವ್-2 ಎಂಬ ಕೊರೊನಾ ವೈರಾಣುವಿನಿಂದ ಬರುತ್ತದೆ. 2019ರ ಡಿಸೆಂಬರ್‌ನಲ್ಲಿ ಚೀನಾದ ವುಹಾನ್ ನಗರದಲ್ಲಿ ಮೊದಲು ಗುರುತಿಸಲಾದ ಈ ರೋಗಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2020ರ ಫೆಬ್ರವರಿ 11ರಂದು ಕೋವಿಡ್-19 ಎಂಬ ಹೆಸರನ್ನು ನೀಡಿತು. ಮಾರ್ಚ್ 11ರಂದು ಇದನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆಯಿತು. ಭಾರತದ ಮೊದಲ ಪ್ರಕರಣವು 2020ರ ಜನವರಿ 30ರಂದು ಕೇರಳದಲ್ಲಿ ದೃಢಪಟ್ಟಿತು.

ಸಾಂಕ್ರಾಮಿಕಗಳು ಕನ್ನಡ ನಾಡಿಗೆ ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗ್ ಅಂದಿನ ಮೈಸೂರು ಸಂಸ್ಥಾನದ ಅನೇಕ ಊರುಗಳನ್ನು ಬರಿದು ಮಾಡಿತು. ಪ್ಲೇಗ್ ಬಂದಾಗ ಊರು ತೊರೆದು ಹೊಲ ತೋಟಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಕಥನಗಳು ಹಿರಿಯರ ನೆನಪಿನಲ್ಲಿ ಉಳಿದುಬಂದಿವೆ. ಪ್ಲೇಗಮ್ಮನ ಗುಡಿಗಳು ಇಂದಿಗೂ ಕೆಲವೆಡೆ ಇವೆ. ಮಲೆನಾಡಿಗೆ ಮಂಗನ ಕಾಯಿಲೆಯ ಪರಿಚಯವೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ರೋಗವು ಉಣ್ಣೆಗಳಿಂದ ಹರಡುವಂಥದು. ಕಾಡಿಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ ಧರಿಸುವುದು, ಕೈಕಾಲಿಗೆ ಉಣ್ಣೆ ನಿರೋಧಕ ತೈಲ ಹಚ್ಚಿಕೊಳ್ಳುವುದು, ಮಂಗ ಸತ್ತ ಸುದ್ದಿಯನ್ನು ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಇವು ಮಲೆನಾಡಿನ ಜನರಿಗೆ ತಿಳಿದಿದ್ದ ಮುನ್ನೆಚ್ಚರಿಕೆಗಳು. ಆದರೆ ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಎದುರಿಗೆ ಕುಳಿತು ಮಾತನಾಡುವ ನೆಂಟನೇ ರೋಗದ ವಾಹಕನಾಗಬಹುದು ಎಂಬುದು ಕೋವಿಡ್ ತಂದ ಹೊಸ ಸಂಗತಿ.

ಸೋಂಕಿನ ಅಲೆಗಳು

ರಾಜ್ಯದ ಮೊದಲ ಪ್ರಕರಣವು 2020ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ವರದಿಯಾಯಿತು. ಸೋಂಕಿತರು ಅಮೆರಿಕದಿಂದ ಮರಳಿದ್ದ ಸಾಫ್ಟ್‌ವೇರ್ ಉದ್ಯೋಗಿ. ಮರುದಿನವೇ, ಮಾರ್ಚ್ 10ರಂದು, ಸೌದಿ ಅರೇಬಿಯಾದಿಂದ ಹಿಂದಿರುಗಿದ್ದ ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ಮೃತಪಟ್ಟರು. ಮಾರ್ಚ್ 12ರಂದು ಪರೀಕ್ಷಾ ವರದಿ ಬಂದಾಗ, ಅದು ಭಾರತದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವೆಂದು ದೃಢಪಟ್ಟಿತು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರಿಗೂ ಸೋಂಕು ತಗುಲಿತು. ಹೀಗೆ ಆರಂಭದ ವಾರದಲ್ಲಿಯೇ ರೋಗದ ಎರಡು ಮುಖಗಳು ಕಂಡವು: ಬೆಂಗಳೂರಿನ ಮಧ್ಯವಯಸ್ಕರು ಗುಣಮುಖರಾದರು, ಕಲಬುರಗಿಯ ವೃದ್ಧರು ಉಳಿಯಲಿಲ್ಲ.

ಮಾರ್ಚ್ 22ರ ಜನತಾ ಕರ್ಫ್ಯೂ ಹಾಗೂ ಮಾರ್ಚ್ 25ರಿಂದ ಆರಂಭವಾದ ರಾಷ್ಟ್ರವ್ಯಾಪಿ ಲಾಕ್‌ಡೌನ್ ಮೇ 31ರವರೆಗೆ ಹಂತಹಂತವಾಗಿ ಮುಂದುವರಿದವು. ಮೊದಲ ಅಲೆಯು 2020ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ ಶಿಖರ ಮುಟ್ಟಿತು. ಎರಡನೆಯ ಅಲೆಯು 2021ರ ಏಪ್ರಿಲ್–ಮೇ ತಿಂಗಳಲ್ಲಿ ಡೆಲ್ಟಾ ರೂಪಾಂತರಿಯಿಂದ ಬಂದಿತು. ಆ ವರ್ಷದ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಹೊಸ ಪ್ರಕರಣಗಳು ದಾಖಲಾದವು. ಹಾಸಿಗೆ, ಆಮ್ಲಜನಕ, ಔಷಧ ಎಲ್ಲದಕ್ಕೂ ಕೊರತೆಯುಂಟಾಯಿತು. ಮೇ 2–3ರಂದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟ ಘಟನೆಯು ಆಮ್ಲಜನಕದ ಕೊರತೆಯ ಕಾರಣದಿಂದ ರಾಜ್ಯವನ್ನೇ ಕಲಕಿತು. ಉಚ್ಚ ನ್ಯಾಯಾಲಯವು ಇದರ ಬಗ್ಗೆ ಸಮಿತಿಯೊಂದನ್ನು ನೇಮಿಸಿತು.

ಮೂರನೆಯ ಅಲೆಗೆ ಕಾರಣವಾದುದು ಓಮಿಕ್ರಾನ್ ರೂಪಾಂತರಿ. ಭಾರತದಲ್ಲಿ ಇದರ ಮೊದಲ ಎರಡು ಪ್ರಕರಣಗಳು 2021ರ ಡಿಸೆಂಬರ್ 2ರಂದು ಬೆಂಗಳೂರಿನಿಂದಲೇ ವರದಿಯಾದವು. ಅವರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ವಿದೇಶ ಪ್ರವಾಸವನ್ನೇ ಮಾಡದ ಸ್ಥಳೀಯ ವೈದ್ಯರು. 2022ರ ಜನವರಿಯಲ್ಲಿ ಪ್ರಕರಣಗಳ ಸಂಖ್ಯೆ ಅತಿ ವೇಗವಾಗಿ ಏರಿ ಅಷ್ಟೇ ವೇಗವಾಗಿ ಇಳಿಯಿತು. ಲಸಿಕೆ ಪಡೆದವರ ಸಂಖ್ಯೆ ಆಗ ಹೆಚ್ಚಿದ್ದುದರಿಂದ ಆಸ್ಪತ್ರೆ ಸೇರಬೇಕಾದವರ ಪ್ರಮಾಣ ಎರಡನೆಯ ಅಲೆಗಿಂತ ಬಹಳ ಕಡಿಮೆಯಿತ್ತು.

ಸೋಂಕಿನ ಅನುಭವದಲ್ಲಿನ ವ್ಯತ್ಯಾಸಗಳು

ಲಕ್ಷಣರಹಿತ ಸೋಂಕು

ಸೋಂಕು ತಗುಲಿಯೂ ಜ್ವರ, ಕೆಮ್ಮು ಮೊದಲಾದ ಯಾವ ಲಕ್ಷಣವನ್ನೂ ತೋರದವರ ಸಂಖ್ಯೆ ಗಣನೀಯವಾಗಿತ್ತು. ರಾಜ್ಯ ಸರ್ಕಾರವು 2020ರ ಸೆಪ್ಟೆಂಬರ್‌ನಲ್ಲಿ ನಡೆಸಿದ ಮೊದಲ ಸುತ್ತಿನ ಸೀರೊ ಸಮೀಕ್ಷೆಯು ಇದಕ್ಕೆ ಸಾಕ್ಷ್ಯವನ್ನೊದಗಿಸಿತು. ಪ್ರತಿಕಾಯಗಳನ್ನೂ ಆಗ ಸಕ್ರಿಯವಾಗಿದ್ದ ಸೋಂಕನ್ನೂ ಸೇರಿಸಿ ಲೆಕ್ಕ ಹಾಕಿದಾಗ, ರಾಜ್ಯದ ಜನಸಂಖ್ಯೆಯ ಶೇಕಡ 27.3ರಷ್ಟು ಮಂದಿಗೆ, ಎಂದರೆ ಸುಮಾರು 1.93 ಕೋಟಿ ಜನರಿಗೆ, ಅಷ್ಟರಲ್ಲಾಗಲೇ ಸೋಂಕು ತಗುಲಿರಬಹುದೆಂದು ಸಮೀಕ್ಷೆ ಅಂದಾಜಿಸಿತು. ಪರೀಕ್ಷೆಯಲ್ಲಿ ದೃಢಪಟ್ಟಿದ್ದ ಪ್ರಕರಣಗಳು ಆ ಹೊತ್ತಿಗೆ ಕೆಲವೇ ಲಕ್ಷಗಳಷ್ಟಿದ್ದವು. ಅಂದರೆ ಬಹುಪಾಲು ಜನರಿಗೆ ರೋಗ ಬಂದು ಹೋದದ್ದು ಲೆಕ್ಕಕ್ಕೂ ಸಿಕ್ಕಿರಲಿಲ್ಲ, ಅನೇಕರಿಗೆ ಸ್ವತಃ ಅರಿವಿಗೂ ಬಂದಿರಲಿಲ್ಲ.

ಲಕ್ಷಣವಿಲ್ಲದವರೂ ಸೋಂಕನ್ನು ಹರಡಬಲ್ಲರು ಎಂಬುದೇ ಈ ರೋಗದ ನಿಯಂತ್ರಣವನ್ನು ಕಠಿಣಗೊಳಿಸಿದ ಮುಖ್ಯ ಅಂಶ. ‘ನನಗೆ ಏನೂ ಆಗಿಲ್ಲ, ನಾನೇಕೆ ಮಾಸ್ಕ್ ಹಾಕಬೇಕು’ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ.

ಸೌಮ್ಯ ಮತ್ತು ತೀವ್ರ ಸೋಂಕು

ಸೋಂಕು ತಗುಲಿದ 2ರಿಂದ 14 ದಿನಗಳೊಳಗೆ, ಸಾಮಾನ್ಯವಾಗಿ 5 ದಿನಗಳ ಸುಮಾರಿಗೆ, ಲಕ್ಷಣಗಳು ತೋರುತ್ತವೆ. ಓಮಿಕ್ರಾನ್‌ನಲ್ಲಿ ಈ ಅವಧಿ ಇನ್ನೂ ಕಡಿಮೆ. ಜ್ವರ, ಗಂಟಲು ನೋವು, ಒಣಕೆಮ್ಮು, ಮೈಕೈ ನೋವು, ಸುಸ್ತು, ಭೇದಿ ಇವು ಸಾಮಾನ್ಯ ಲಕ್ಷಣಗಳು. ಮೊದಲ ಎರಡು ಅಲೆಗಳಲ್ಲಿ ವಾಸನೆ ಮತ್ತು ರುಚಿ ತಿಳಿಯದಾಗುವುದು ವಿಶಿಷ್ಟ ಲಕ್ಷಣವಾಗಿತ್ತು. ಒಗ್ಗರಣೆಯ ಘಾಟು, ಕಾಫಿಯ ಪರಿಮಳ ತಿಳಿಯದಾದಾಗಲೇ ಅನೇಕರಿಗೆ ಅನುಮಾನ ಹುಟ್ಟಿತು. ಓಮಿಕ್ರಾನ್ ಅಲೆಯಲ್ಲಿ ಈ ಲಕ್ಷಣ ಕಡಿಮೆಯಾಗಿ, ಗಂಟಲು ಕೆರೆತ ಮತ್ತು ನೆಗಡಿ ಮುಂದೆ ಬಂದವು.

ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯು ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ಆಧರಿಸಿ ರೋಗವನ್ನು ವಿಂಗಡಿಸಿತು. ಉಸಿರಾಟದ ತೊಂದರೆಯಿಲ್ಲದೆ ಪ್ರಮಾಣ ಶೇಕಡ 94 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಮ್ಯ. 90ರಿಂದ 93ರವರೆಗೆ ಇದ್ದರೆ ಮಧ್ಯಮ. 90ಕ್ಕಿಂತ ಕಡಿಮೆಯಾದರೆ ತೀವ್ರ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಹೀಗೆ ಮನೆಮನೆಯ ವಸ್ತುವಾಯಿತು. ಕೆಲವು ರೋಗಿಗಳಲ್ಲಿ ಆಮ್ಲಜನಕ ಇಳಿದಿದ್ದರೂ ಏದುಸಿರು ಕಾಣಿಸದೆ ಇರುತ್ತಿದ್ದುದರಿಂದ ಈ ಪುಟ್ಟ ಉಪಕರಣ ಮಹತ್ವ ಪಡೆಯಿತು. ಸಾಮಾನ್ಯವಾಗಿ ಎರಡನೆಯ ವಾರದಲ್ಲಿ ರೋಗ ಉಲ್ಬಣಿಸುವ ಸಾಧ್ಯತೆಯಿದ್ದು, ಜ್ವರ ಬಿಟ್ಟಿತೆಂದು ನಿರಾಳರಾದವರು ಏಳೆಂಟನೆಯ ದಿನ ಆಸ್ಪತ್ರೆಗೆ ಧಾವಿಸಬೇಕಾಗಿ ಬಂದ ಸಂದರ್ಭಗಳು ಅನೇಕ.

ಸಾರ್ವಜನಿಕ ಜೀವನದ ಕೆಲವು ಪ್ರಸಂಗಗಳು ಈ ಅನಿಶ್ಚಿತತೆಯನ್ನು ತೋರಿಸುತ್ತವೆ. ಬೆಳಗಾವಿಯ ಸಂಸದರೂ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್ 11ರಂದು ತಮಗೆ ಸೋಂಕು ತಗುಲಿದೆಯೆಂದೂ ತಾವು ಕ್ಷೇಮವಾಗಿರುವುದಾಗಿಯೂ ತಿಳಿಸಿದ್ದರು. ಸೆಪ್ಟೆಂಬರ್ 23ರಂದು ದೆಹಲಿಯಲ್ಲಿ ನಿಧನರಾದರು. ಅದೇ ವರ್ಷದ ಜೂನ್‌ನಲ್ಲಿ 99 ವರ್ಷದ ವೃದ್ಧೆಯೊಬ್ಬರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಿಂದ ಗುಣಮುಖರಾಗಿ ಮನೆಗೆ ಮರಳಿದ್ದರು. ಶತಾಯುಷಿ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ಚೇತರಿಸಿಕೊಂಡು ಮನೆಗೆ ಬಂದರೂ, ಮೇ 26ರಂದು ಹೃದಯಾಘಾತದಿಂದ ತೀರಿಕೊಂಡರು. ದಲಿತ ಕವಿ ಡಾ. ಸಿದ್ಧಲಿಂಗಯ್ಯನವರು ಜೂನ್ 11ರಂದು ಕೋವಿಡ್ ಸಂಬಂಧಿ ತೊಂದರೆಗಳಿಂದ ನಿಧನರಾದರು.

ಮರುಸೋಂಕು

ಒಮ್ಮೆ ಬಂದು ಹೋದರೆ ಮತ್ತೆ ಬಾರದು ಎಂಬ ಆರಂಭದ ನಂಬಿಕೆ ನಿಜವಾಗಲಿಲ್ಲ. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿಗೆ 2020ರ ಆಗಸ್ಟ್‌ನಲ್ಲಿ ಒಮ್ಮೆ, 2021ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಸೋಂಕು ದೃಢಪಟ್ಟಿತು. ಕಾಲ ಕಳೆದಂತೆ ಪ್ರತಿಕಾಯಗಳು ಕ್ಷೀಣಿಸುವುದು ಹಾಗೂ ವೈರಾಣು ರೂಪ ಬದಲಿಸುವುದು ಮರುಸೋಂಕಿಗೆ ಕಾರಣಗಳು. ಆದರೂ ಹಿಂದಿನ ಸೋಂಕು ಅಥವಾ ಲಸಿಕೆಯಿಂದ ದೊರೆತ ರಕ್ಷಣೆಯು ತೀವ್ರ ರೋಗವನ್ನು ತಡೆಯುವಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ದೀರ್ಘಕಾಲಿಕ ಕೋವಿಡ್

ಕೆಲವರಲ್ಲಿ ಪರೀಕ್ಷೆ ನೆಗೆಟಿವ್ ಬಂದ ಮೇಲೂ ಸುಸ್ತು, ಏದುಸಿರು, ಮರೆವು, ನಿದ್ರಾಹೀನತೆ, ಎದೆಬಡಿತ ಮುಂದುವರಿದವು. ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರ್‌ನಲ್ಲಿ ಇದಕ್ಕೆ ವ್ಯಾಖ್ಯೆ ನೀಡಿತು: ಸೋಂಕು ತಗುಲಿ ಸಾಮಾನ್ಯವಾಗಿ ಮೂರು ತಿಂಗಳ ಬಳಿಕವೂ ಇರುವ, ಕನಿಷ್ಠ ಎರಡು ತಿಂಗಳು ಕಾಡುವ, ಬೇರೆ ರೋಗದಿಂದ ವಿವರಿಸಲಾಗದ ಲಕ್ಷಣಗಳು. ಹೊರನೋಟಕ್ಕೆ ಆರೋಗ್ಯವಂತರಂತೆ ತೋರುವುದರಿಂದ ಇಂಥವರ ದೂರನ್ನು ಮನೆಯವರೂ ಮೇಲಧಿಕಾರಿಗಳೂ ಸೋಮಾರಿತನವೆಂದು ಭಾವಿಸುವುದುಂಟು. ದೈಹಿಕ ದುಡಿಮೆಯನ್ನೇ ನಂಬಿದವರಿಗೆ ಇದು ಕೂಲಿಯ ನಷ್ಟವೂ ಹೌದು.

ವ್ಯತ್ಯಾಸಕ್ಕೆ ಕಾರಣಗಳು

ರೋಗದ ತೀವ್ರತೆಯನ್ನು ನಿರ್ಧರಿಸುವ ಅಂಶಗಳಲ್ಲಿ ವಯಸ್ಸು ಮೊದಲನೆಯದು. ಮಧುಮೇಹ, ರಕ್ತದೊತ್ತಡ, ಹೃದಯ, ಶ್ವಾಸಕೋಶ ಹಾಗೂ ಮೂತ್ರಪಿಂಡದ ರೋಗಗಳು, ಸ್ಥೂಲಕಾಯ, ರೋಗನಿರೋಧಕ ಶಕ್ತಿಯ ಕೊರತೆ ಇವು ಅಪಾಯವನ್ನು ಹೆಚ್ಚಿಸುತ್ತವೆ. ಎರಡನೆಯ ಅಲೆಯಲ್ಲಿ ನಿಯಂತ್ರಣ ತಪ್ಪಿದ ಮಧುಮೇಹ ಹಾಗೂ ಸ್ಟಿರಾಯ್ಡ್ ಔಷಧಗಳ ಅತಿಬಳಕೆಯ ಜೊತೆಗೆ ಕಪ್ಪು ಶಿಲೀಂಧ್ರ ರೋಗವೂ ಕಾಣಿಸಿಕೊಂಡು ಹಲವರು ಕಣ್ಣು ಕಳೆದುಕೊಂಡರು. ವೈರಾಣುವಿನ ರೂಪಾಂತರ, ಲಸಿಕೆ ಪಡೆದಿದ್ದಾರೆಯೇ ಇಲ್ಲವೇ ಎಂಬುದು, ಚಿಕಿತ್ಸೆ ದೊರೆತ ಸಮಯ ಇವೂ ಮುಖ್ಯವೇ. ಈ ಎಲ್ಲವೂ ಸಂಭವನೀಯತೆಯನ್ನು ಮಾತ್ರ ಹೇಳುತ್ತವೆ; ಒಬ್ಬ ವ್ಯಕ್ತಿಗೆ ಏನಾದೀತೆಂದು ಮೊದಲೇ ಖಚಿತವಾಗಿ ಹೇಳಲಾರವು. ಒಬ್ಬರ ಅನುಭವವನ್ನು ಇನ್ನೊಬ್ಬರಿಗೆ ಅಳತೆಗೋಲಾಗಿ ಬಳಸಲಾಗದಿರುವುದು ಇದರಿಂದಲೇ.

ಮುನ್ನೆಚ್ಚರಿಕೆಗಳು

ಮಾಸ್ಕ್, ಅಂತರ ಮತ್ತು ಗಾಳಿ

ಮಾಸ್ಕ್ ಧರಿಸುವುದು, ಪರಸ್ಪರ ಅಂತರ ಕಾಯ್ದುಕೊಳ್ಳುವುದು, ಸಾಬೂನಿನಿಂದ ಕೈ ತೊಳೆಯುವುದು ಇವು ಆರಂಭದಿಂದಲೂ ಪ್ರಚಾರ ಪಡೆದ ಮೂರು ಸೂತ್ರಗಳು. ಮೊದಲ ತಿಂಗಳುಗಳಲ್ಲಿ ರೋಗವು ಮುಖ್ಯವಾಗಿ ಕೆಮ್ಮು, ಸೀನಿನ ಹನಿಗಳಿಂದ ಹಾಗೂ ಮುಟ್ಟಿದ ವಸ್ತುಗಳಿಂದ ಹರಡುತ್ತದೆಂದು ಭಾವಿಸಲಾಗಿತ್ತು. ಆದುದರಿಂದ ತರಕಾರಿ, ಹಾಲಿನ ಪೊಟ್ಟಣ, ನೋಟುಗಳನ್ನೂ ತೊಳೆಯುವ, ಬಿಸಿಲಿಗೆ ಹಾಕುವ ರೂಢಿ ಬೆಳೆಯಿತು. ಬೀದಿಗಳಿಗೆ ರಾಸಾಯನಿಕ ಸಿಂಪಡಿಸಲಾಯಿತು. ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳಿಂದ ಸೋಂಕು ಹರಡುವ ಮಹತ್ವವು ಕ್ರಮೇಣ ಸ್ಪಷ್ಟವಾಯಿತು. ಹೀಗಾಗಿ ಕಿಟಕಿ ಬಾಗಿಲು ತೆರೆದಿಡುವುದು, ಮೂಗು ಮುಚ್ಚುವಂತೆ ಸರಿಯಾಗಿ ಕೂರುವ ಮಾಸ್ಕ್ ಧರಿಸುವುದು, ಒಳಾಂಗಣದಲ್ಲಿ ಗುಂಪುಗೂಡದಿರುವುದು ಹೆಚ್ಚು ಪರಿಣಾಮಕಾರಿಯೆಂದು ಪರಿಗಣಿತವಾದವು. ಎನ್-95 ಮಾಸ್ಕ್ ಬಟ್ಟೆಯ ಮಾಸ್ಕಿಗಿಂತ ಹೆಚ್ಚು ರಕ್ಷಣೆ ನೀಡುತ್ತದೆ. ಗಲ್ಲಕ್ಕೆ ಇಳಿಸಿಕೊಂಡ ಯಾವ ಮಾಸ್ಕೂ ರಕ್ಷಣೆ ನೀಡುವುದಿಲ್ಲ.

ರಾಜ್ಯ ಸರ್ಕಾರವು ಮಾಸ್ಕ್ ಧರಿಸದವರಿಗೆ ದಂಡ ವಿಧಿಸಿತು. 2020ರ ಅಕ್ಟೋಬರ್ ಆರಂಭದಲ್ಲಿ ನಗರಗಳಲ್ಲಿ 1,000 ಹಾಗೂ ಗ್ರಾಮಾಂತರದಲ್ಲಿ 500 ರೂಪಾಯಿಗೆ ಏರಿಸಿದ್ದ ದಂಡವನ್ನು, ಸಾರ್ವಜನಿಕರ ಆಕ್ಷೇಪದ ಬಳಿಕ ಕೆಲವೇ ದಿನಗಳಲ್ಲಿ 250 ಮತ್ತು 100 ರೂಪಾಯಿಗೆ ಇಳಿಸಲಾಯಿತು. ದಿನಗೂಲಿಯವರಿಗೆ ಸಾವಿರ ರೂಪಾಯಿ ಎರಡು ಮೂರು ದಿನಗಳ ದುಡಿಮೆಯಾಗಿತ್ತು.

ಪ್ರತ್ಯೇಕವಾಸ

ಆರಂಭದಲ್ಲಿ ಸೋಂಕು ದೃಢಪಟ್ಟ ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಲಾಗುತ್ತಿತ್ತು. ಹೊರದೇಶದಿಂದ ಬಂದವರ ಕೈಗೆ ಅಳಿಸಲಾಗದ ಶಾಯಿಯ ಮುದ್ರೆ ಒತ್ತಿ ಮನೆಯಲ್ಲಿರುವಂತೆ ಸೂಚಿಸಲಾಯಿತು. 2020ರ ಜುಲೈನಿಂದ ಲಕ್ಷಣರಹಿತ ಹಾಗೂ ಸೌಮ್ಯ ಲಕ್ಷಣದವರಿಗೆ ಮನೆಯಲ್ಲಿಯೇ ಪ್ರತ್ಯೇಕವಾಗಿರಲು ಅವಕಾಶ ದೊರೆಯಿತು. ಉಳಿದವರಿಗೆ ಕೋವಿಡ್ ಆರೈಕೆ ಕೇಂದ್ರಗಳಿದ್ದವು. ಸಲಹೆಗಾಗಿ 14410 ಸಂಖ್ಯೆಯ ‘ಆಪ್ತಮಿತ್ರ’ ಸಹಾಯವಾಣಿಯನ್ನು 2020ರ ಏಪ್ರಿಲ್‌ನಲ್ಲಿ ಆರಂಭಿಸಲಾಯಿತು.

ಲಸಿಕೆ

ದೇಶದಲ್ಲಿ ಲಸಿಕಾ ಅಭಿಯಾನವು 2021ರ ಜನವರಿ 16ರಂದು ಆರೋಗ್ಯ ಕಾರ್ಯಕರ್ತರಿಂದ ಆರಂಭವಾಯಿತು. ಮಾರ್ಚ್ 1ರಿಂದ 60 ವರ್ಷ ಮೀರಿದವರಿಗೆ ಹಾಗೂ ಇತರ ರೋಗಗಳಿರುವ 45 ವರ್ಷ ಮೀರಿದವರಿಗೆ, ಏಪ್ರಿಲ್ 1ರಿಂದ 45 ವರ್ಷ ಮೀರಿದ ಎಲ್ಲರಿಗೆ, ಮೇ 1ರಿಂದ 18 ವರ್ಷ ಮೀರಿದವರಿಗೆ ಇದು ವಿಸ್ತರಿಸಿತು. ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಮುಖ್ಯವಾಗಿ ಬಳಕೆಯಾದ ಲಸಿಕೆಗಳು. ಆರಂಭದಲ್ಲಿ ಲಸಿಕೆಯಿದ್ದರೂ ಜನ ಹಿಂಜರಿದರು; ಎರಡನೆಯ ಅಲೆ ಏರಿದಾಗ ಜನರಿದ್ದರೂ ಲಸಿಕೆ ಸಾಲಲಿಲ್ಲ. ಮೊಬೈಲ್ ಮೂಲಕ ನೋಂದಾಯಿಸುವ ವ್ಯವಸ್ಥೆಯು ಸ್ಮಾರ್ಟ್‌ಫೋನ್ ಇಲ್ಲದವರಿಗೆ ತೊಡಕಾಯಿತು. ಮುಂದೆ ಉಪಕೇಂದ್ರ, ಶಾಲೆ, ತೋಟಗಳಲ್ಲಿಯೇ ಲಸಿಕೆ ನೀಡಲಾರಂಭಿಸಿದ ಮೇಲೆ ಪ್ರಮಾಣ ಏರಿತು.

ಲಸಿಕೆಯು ಸೋಂಕನ್ನು ಸಂಪೂರ್ಣವಾಗಿ ತಡೆಯದಿದ್ದರೂ ಸಾವನ್ನೂ ತೀವ್ರ ರೋಗವನ್ನೂ ಗಣನೀಯವಾಗಿ ತಗ್ಗಿಸುತ್ತದೆ. 2021ರ ನವೆಂಬರ್‌ನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಸಮಾರಂಭದ ಬಳಿಕ ಸುಮಾರು 300 ಮಂದಿಗೆ ಸೋಂಕು ಹರಡಿತು. ಅವರಲ್ಲಿ ಹೆಚ್ಚಿನವರು ಎರಡೂ ಡೋಸ್ ಪಡೆದವರು. ಬಹುತೇಕರಲ್ಲಿ ಲಕ್ಷಣಗಳಿರಲಿಲ್ಲ ಅಥವಾ ಸೌಮ್ಯವಾಗಿದ್ದವು. ‘ಲಸಿಕೆ ಹಾಕಿಸಿಕೊಂಡರೂ ಬಂತು’ ಎಂಬ ದೂರು, ‘ಹಾಕಿಸಿಕೊಂಡಿದ್ದರಿಂದ ಇಷ್ಟಕ್ಕೇ ಮುಗಿಯಿತು’ ಎಂಬ ಸಮಾಧಾನ ಎರಡೂ ಒಂದೇ ಘಟನೆಯಿಂದ ಹುಟ್ಟಬಹುದೆಂಬುದಕ್ಕೆ ಇದು ಉದಾಹರಣೆ.

ಮನೆಮದ್ದು ಮತ್ತು ತಪ್ಪು ಕಲ್ಪನೆಗಳು

ಶುಂಠಿ, ಕಾಳುಮೆಣಸು, ಅರಿಶಿನ, ತುಳಸಿ, ಅಮೃತಬಳ್ಳಿಗಳ ಕಷಾಯ ಮನೆಮನೆಯಲ್ಲಿಯೂ ಕುದಿಯಿತು. ಗಂಟಲಿಗೆ ಹಿತ ನೀಡುವ ಮಟ್ಟಿಗೆ ಇವು ಉಪಯುಕ್ತ. ಸೋಂಕನ್ನು ತಡೆಯುತ್ತವೆ ಅಥವಾ ವೈರಾಣುವನ್ನು ಕೊಲ್ಲುತ್ತವೆ ಎಂಬುದಕ್ಕೆ ಆಧಾರವಿಲ್ಲ. ಮೂಗಿಗೆ ನಿಂಬೆರಸ ಬಿಡುವುದು, ಅತಿಯಾಗಿ ಹಬೆ ತೆಗೆದುಕೊಳ್ಳುವುದು ಮುಂತಾದ ಸಲಹೆಗಳು ವಾಟ್ಸ್ಆ್ಯಪ್ ಮೂಲಕ ಹರಡಿದವು. ಇವು ಹಾನಿಕರವೂ ಆಗಬಲ್ಲವು. ವೈದ್ಯಕೀಯ ಚಿಕಿತ್ಸೆಯೂ ಕಲಿಯುತ್ತಲೇ ಸಾಗಿತು. ಬಹಳ ನಿರೀಕ್ಷೆ ಹುಟ್ಟಿಸಿದ್ದ ಪ್ಲಾಸ್ಮಾ ಚಿಕಿತ್ಸೆಯನ್ನು 2021ರ ಮೇ ತಿಂಗಳಲ್ಲಿ ರಾಷ್ಟ್ರೀಯ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಅಗ್ಗದ ಡೆಕ್ಸಾಮೆಥಾಸೋನ್ ಮಾತ್ರ ಆಮ್ಲಜನಕ ಬೇಕಾದ ರೋಗಿಗಳ ಸಾವನ್ನು ತಗ್ಗಿಸುತ್ತದೆಂದು 2020ರ ಜೂನ್‌ನಲ್ಲಿಯೇ ಬ್ರಿಟನ್ನಿನ ಪ್ರಯೋಗದಿಂದ ತಿಳಿದುಬಂದಿತ್ತು. ಆರಂಭದ ದಿನಗಳಲ್ಲಿ, ಅಗತ್ಯವಿಲ್ಲದವರು ಅದನ್ನು ಸೇವಿಸುವುದು ಅಪಾಯಕಾರಿ.

ಮುನ್ನೆಚ್ಚರಿಕೆ ಎಲ್ಲರಿಗೂ ಸಮಾನವಾಗಿರಲಿಲ್ಲ

ಮನೆಯಲ್ಲಿಯೇ ಇರಿ ಎಂಬ ಸೂಚನೆಯನ್ನು ಪಾಲಿಸಲು ಮೊದಲು ಮನೆ ಬೇಕು, ಮನೆಯಲ್ಲಿದ್ದುಕೊಂಡೇ ಸಂಬಳ ಬರುವ ಉದ್ಯೋಗ ಬೇಕು. ಕಂಪ್ಯೂಟರಿನ ಮುಂದೆ ದುಡಿಯುವವರಿಗೆ ಇದು ಸಾಧ್ಯವಾಯಿತು. ಪೌರಕಾರ್ಮಿಕರು, ಬಸ್ ಚಾಲಕರು, ಪೊಲೀಸರು, ದಾದಿಯರು, ಗಾರೆ ಕೆಲಸದವರು, ಬೀದಿ ವ್ಯಾಪಾರಿಗಳಿಗೆ ಸಾಧ್ಯವಾಗಲಿಲ್ಲ. ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುವ ಮನೆಗಳಲ್ಲಿ ರೋಗಿಗೆ ಪ್ರತ್ಯೇಕ ಕೊಠಡಿ, ಪ್ರತ್ಯೇಕ ಶೌಚಾಲಯ ಎಂಬ ಮಾತು ಕಾಗದದಲ್ಲಿಯೇ ಉಳಿಯಿತು. ರೋಗಿಯ ಶುಶ್ರೂಷೆಯ ಹೊಣೆ ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ ಬಿದ್ದುದರಿಂದ ಅವರು ಅಂತರ ಕಾಯ್ದುಕೊಳ್ಳುವುದು ಅಸಾಧ್ಯವಾಗಿತ್ತು.

ಮನೆಮನೆಗೆ ತೆರಳಿ ಜ್ವರದ ಸಮೀಕ್ಷೆ ನಡೆಸಿದವರು ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು. ಇತರರಿಗೆ ಹೊರಬರಬೇಡಿ ಎಂದು ಹೇಳಲು ಅವರು ದಿನವೂ ಹೊರಬರಬೇಕಾಯಿತು. ಮಾಸಿಕ 12,000 ರೂಪಾಯಿ ಗೌರವಧನ ಹಾಗೂ ಸೂಕ್ತ ರಕ್ಷಣಾ ಸಾಮಗ್ರಿಗಳಿಗಾಗಿ ಅವರು 2020ರ ಜುಲೈನಲ್ಲಿ ಮುಷ್ಕರ ನಡೆಸಿದರು.

ಚಿಕ್ಕಮಗಳೂರು ಜಿಲ್ಲೆ ಮತ್ತು ಮಲೆನಾಡು

2020ರ ಮೇ 1ರಂದು ಪ್ರಕಟವಾದ ಕೇಂದ್ರದ ಪಟ್ಟಿಯಲ್ಲಿ ಚಿಕ್ಕಮಗಳೂರು ಹಸಿರು ವಲಯದಲ್ಲಿತ್ತು. ಜಿಲ್ಲೆಯಲ್ಲಿ ಮೊದಲ ಪ್ರಕರಣಗಳು ಕಂಡದ್ದು ಆ ತಿಂಗಳ ಮೂರನೆಯ ವಾರದಲ್ಲಿ. ಕಾಡು, ತೋಟಗಳ ನಡುವೆ ದೂರದೂರವಿರುವ ಮಲೆನಾಡಿನ ಒಂಟಿ ಮನೆಗಳಿಗೆ ಅಂತರವೆಂಬುದು ನಿಸರ್ಗವೇ ಕೊಟ್ಟ ಮುನ್ನೆಚ್ಚರಿಕೆಯಾಗಿತ್ತು. ಅದೇ ಮಲೆನಾಡಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕಾರ್ಮಿಕ ಕುಟುಂಬಗಳು ಗೋಡೆಗೆ ಗೋಡೆ ತಾಗಿಕೊಂಡು ವಾಸಿಸುತ್ತವೆ. ಅಲ್ಲಿ ಪರಿಸ್ಥಿತಿ ಬೇರೆ.

ಜಿಲ್ಲೆಯ ಪೂರ್ವಭಾಗದ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಮಲೆನಾಡಿನ ಅಂಚೂ ಬಯಲುಸೀಮೆಯೂ ಸೇರಿವೆ. ಬೀರೂರು, ಕಡೂರುಗಳ ಮೂಲಕ ಬೆಂಗಳೂರಿನ ರೈಲು ಮತ್ತು ಹೆದ್ದಾರಿ ಸಂಪರ್ಕವಿರುವ ಬಯಲಿನ ಊರುಗಳಿಗೆ ಜನಸಂಚಾರ ಹೆಚ್ಚು; ಲಾಕ್‌ಡೌನ್ ಘೋಷಣೆಯಾದಾಗ ನಗರದಲ್ಲಿದ್ದ ಮಕ್ಕಳು ಊರಿಗೆ ಮರಳಿದ್ದೂ ಈ ದಾರಿಗಳಿಂದಲೇ. ರಾಜ್ಯದ ಹಲವು ಹಳ್ಳಿಗಳಂತೆ ಇಲ್ಲಿಯೂ ಮಗ ಮನೆಗೆ ಬಂದ ಸಂತೋಷದೊಂದಿಗೆ ಸೋಂಕಿನ ಅಂಜಿಕೆಯೂ ಬೆರೆತಿತ್ತು. ಇನ್ನೊಂದೆಡೆ, ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಹಾಗೂ ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹೆಬ್ಬೆ ಜಲಪಾತದ ಸುತ್ತಲಿನ ಕಾಡಿನಂಚಿನ ವಸತಿಗಳಿಗೆ ಆಸ್ಪತ್ರೆಯ ದೂರವೇ ದೊಡ್ಡ ಅಪಾಯ. ಮಳೆಗಾಲದಲ್ಲಿ ಕೆಡುವ ರಸ್ತೆ, ಸಿಗದ ಮೊಬೈಲ್ ಸಂಕೇತ, ಆಂಬುಲೆನ್ಸ್ ಬರಲು ಹಿಡಿಯುವ ಸಮಯ ಇವು ಸೌಮ್ಯ ರೋಗವನ್ನೂ ಗಂಭೀರಗೊಳಿಸಬಲ್ಲವು. ಹೆಚ್ಚಿನ ಚಿಕಿತ್ಸೆಗೆ ತರೀಕೆರೆ ಕಡೆಯವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯನ್ನು ಅವಲಂಬಿಸುವುದು ರೂಢಿ.

ಪ್ರವಾಸೋದ್ಯಮ ಈ ಭಾಗದ ಇನ್ನೊಂದು ಇಕ್ಕಟ್ಟು. ಪ್ರವಾಸಿಗರು ಬಾರದಿದ್ದರೆ ಜೀಪು ಚಾಲಕರಿಗೂ ಹೋಂಸ್ಟೇಗಳಿಗೂ ಅಂಗಡಿಯವರಿಗೂ ಆದಾಯವಿಲ್ಲ. ಬಂದರೆ ಸೋಂಕಿನ ಭಯ. ನಿರ್ಬಂಧ ಸಡಿಲಗೊಂಡಾಗಲೆಲ್ಲ ವಾರಾಂತ್ಯದಲ್ಲಿ ಗಿರಿಧಾಮಗಳಿಗೆ ಜನ ನುಗ್ಗಿದ್ದರಿಂದ ಜಿಲ್ಲಾಡಳಿತವು ವಾಹನ ಹಾಗೂ ಪ್ರವಾಸಿಗರ ಸಂಖ್ಯೆಗೆ ಮಿತಿ ಹೇರಬೇಕಾಯಿತು. 2021ರ ಡಿಸೆಂಬರ್ ಆರಂಭದಲ್ಲಿ ಜಿಲ್ಲೆಯ ಸೀಗೋಡಿನ ನವೋದಯ ವಿದ್ಯಾಲಯದಲ್ಲಿ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಸೇರಿ 60ಕ್ಕೂ ಹೆಚ್ಚು ಮಂದಿಗೆ ಸೋಂಕು ದೃಢಪಟ್ಟಿತು, ಹೆಚ್ಚಿನವರಲ್ಲಿ ಲಕ್ಷಣಗಳಿರಲಿಲ್ಲ.

ಗಡಿನಾಡು ಕಾಸರಗೋಡು

ದೇಶದ ಮೂರನೆಯ ಪ್ರಕರಣವು 2020ರ ಫೆಬ್ರವರಿ 3ರಂದು ಕಾಸರಗೋಡು ಜಿಲ್ಲೆಯಲ್ಲಿ ವರದಿಯಾಯಿತು. ಮಾರ್ಚ್ ಕೊನೆಯಲ್ಲಿ ಅಲ್ಲಿ ಸೋಂಕು ಹೆಚ್ಚಿದಾಗ ಕರ್ನಾಟಕವು ತಲಪಾಡಿ ಸೇರಿದಂತೆ ಗಡಿರಸ್ತೆಗಳನ್ನು ಮುಚ್ಚಿತು. ಚಿಕಿತ್ಸೆಗೆ ತಲೆಮಾರುಗಳಿಂದ ಮಂಗಳೂರನ್ನೇ ನಂಬಿದ್ದ ಗಡಿನಾಡಿನ ಜನರಿಗೆ ಇದು ಆಘಾತವಾಯಿತು. ಕೋವಿಡ್ ಇಲ್ಲದ ಇತರ ರೋಗಿಗಳು ಸಕಾಲದಲ್ಲಿ ಆಸ್ಪತ್ರೆ ತಲುಪಲಾಗದೆ ಮೃತಪಟ್ಟ ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ತಡೆ ತೆರವಿಗೆ ಆದೇಶಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಏಪ್ರಿಲ್ 7ರಂದು ಎರಡೂ ರಾಜ್ಯಗಳು ಒಪ್ಪಿದ ನಿಯಮಾವಳಿಯಂತೆ ಇತರ ರೋಗಿಗಳ ಸಂಚಾರಕ್ಕೆ ಅವಕಾಶವಾಯಿತು. ಒಂದು ಬದಿಗೆ ಮುನ್ನೆಚ್ಚರಿಕೆಯಾಗಿ ಕಂಡದ್ದು ಇನ್ನೊಂದು ಬದಿಗೆ ಪ್ರಾಣಸಂಕಟವಾದುದಕ್ಕೆ ಈ ಪ್ರಕರಣ ನಿದರ್ಶನ.

ಭಯ ಮತ್ತು ಕಳಂಕ

ಮೊದಲ ತಿಂಗಳುಗಳಲ್ಲಿ ಆರೋಗ್ಯ ಇಲಾಖೆಯ ದೈನಿಕ ಪ್ರಕಟಣೆಯು ರೋಗಿಗಳ ಹೆಸರನ್ನು ಮರೆಮಾಚಿ ಸಂಖ್ಯೆಯಿಂದ ಗುರುತಿಸುತ್ತಿತ್ತು. ಆದರೂ ವಯಸ್ಸು, ಊರು, ಪ್ರಯಾಣದ ವಿವರಗಳಿಂದ ಊರವರು ವ್ಯಕ್ತಿಯನ್ನು ಗುರುತಿಸುತ್ತಿದ್ದರು. ಮನೆಗಳಿಗೆ ಸೀಲ್‌ಡೌನ್ ಫಲಕ, ಬೀದಿಗೆ ತಗಡಿನ ತಡೆ ಬಿದ್ದವು. ಹಲವು ಹಳ್ಳಿಗಳು ಮುಳ್ಳಿನ ಬೇಲಿ ಹಾಕಿ, ರಸ್ತೆ ಅಗೆದು ಹೊರಗಿನವರನ್ನು ತಡೆದವು. ಆರೋಗ್ಯ ಸಿಬ್ಬಂದಿಗೆ ಬಾಡಿಗೆ ಮನೆ ನಿರಾಕರಿಸಿದ, ಕೆಲವು ಸಮುದಾಯಗಳನ್ನೇ ರೋಗದ ಮೂಲವೆಂದು ಶಂಕಿಸಿದ ಪ್ರಸಂಗಗಳೂ ನಡೆದವು. ಈ ಭಯದಿಂದ ಅನೇಕರು ಲಕ್ಷಣಗಳನ್ನು ಬಚ್ಚಿಟ್ಟರು, ಪರೀಕ್ಷೆಯನ್ನು ಮುಂದೂಡಿದರು. ಹೀಗೆ ಕಳಂಕವೇ ರೋಗ ಹರಡಲು ಅನುಕೂಲವಾಯಿತು.

ಸಾವಿನ ಸಂದರ್ಭ ಇನ್ನೂ ಕಠೋರವಾಗಿತ್ತು. ಕೊನೆಯ ದರ್ಶನ, ಹೆಗಲು ಕೊಡುವುದು, ತಿಥಿಯ ಊಟ ಯಾವುದೂ ಇಲ್ಲದೆ ಕುಟುಂಬಗಳು ಆಪ್ತರನ್ನು ಬೀಳ್ಕೊಟ್ಟವು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ದೃಶ್ಯ ಬಹಿರಂಗವಾದಾಗ ಜಿಲ್ಲಾಡಳಿತ ಕ್ಷಮೆ ಯಾಚಿಸಿತು. ಅದೇ ಕಾಲದಲ್ಲಿ, ಜಾತಿ ಮತಗಳ ಗೊಡವೆಯಿಲ್ಲದೆ ಅಪರಿಚಿತರ ಅಂತ್ಯಸಂಸ್ಕಾರ ನೆರವೇರಿಸಿದ ಸ್ವಯಂಸೇವಕರೂ ರಾಜ್ಯದ ಉದ್ದಗಲಕ್ಕೂ ಇದ್ದರು.

ಶಿಕ್ಷಣ

2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಕಿರಿಯ ತರಗತಿಗಳು ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ಈ ನಡುವೆ ಆನ್‌ಲೈನ್ ಪಾಠಕ್ಕಾಗಿ ಮಲೆನಾಡು, ಕರಾವಳಿಯ ವಿದ್ಯಾರ್ಥಿಗಳು ಸಂಕೇತ ಸಿಗುವ ಗುಡ್ಡದ ಮೇಲೆ ಟಾರ್ಪಾಲಿನ ಟೆಂಟ್ ಕಟ್ಟಿಕೊಂಡು ಕುಳಿತರು. ಮೊಬೈಲ್ ಇಲ್ಲದ ಮಕ್ಕಳಿಗಾಗಿ ಸರ್ಕಾರಿ ಶಿಕ್ಷಕರು ಊರ ಜಗುಲಿ, ಗುಡಿ, ಮರದ ನೆರಳಿನಲ್ಲಿ ಪಾಠ ಹೇಳಿದ ‘ವಿದ್ಯಾಗಮ’ ಕಾರ್ಯಕ್ರಮವು 2020ರ ಆಗಸ್ಟ್‌ನಲ್ಲಿ ಆರಂಭವಾಯಿತು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ಸ್ಥಗಿತಗೊಳಿಸಲಾಯಿತು. 2020ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಜೂನ್ 25ರಿಂದ ಮಾಸ್ಕ್, ಅಂತರ, ಜ್ವರ ತಪಾಸಣೆಗಳೊಂದಿಗೆ ನಡೆಸಲಾಯಿತು. 2021ರಲ್ಲಿ ಅದು ಜುಲೈ 19 ಮತ್ತು 22ರ ಎರಡೇ ದಿನಗಳಿಗೆ ಸೀಮಿತವಾಯಿತು. ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು.

ಸಾವಿನ ಲೆಕ್ಕ ಮತ್ತು ಪರಿಹಾರ

ಪರೀಕ್ಷೆಯಾಗದೆ ಮನೆಯಲ್ಲಿಯೇ ತೀರಿಕೊಂಡವರು ಅಧಿಕೃತ ಪಟ್ಟಿಯಲ್ಲಿ ಸೇರಲಿಲ್ಲ. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜಿಸಿತು. ಆ ಲೆಕ್ಕದ ವಿಧಾನವನ್ನು ಭಾರತ ಸರ್ಕಾರ ಒಪ್ಪಲಿಲ್ಲ. ಕೋವಿಡ್‌ನಿಂದ ಮೃತಪಟ್ಟವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನೀಡುವ ವ್ಯವಸ್ಥೆ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಿಂದ ಜಾರಿಗೆ ಬಂದಿತು. ದುಡಿಯುವ ಸದಸ್ಯರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಗಳಿಗೆ ರಾಜ್ಯ ಸರ್ಕಾರ 1 ಲಕ್ಷ ರೂಪಾಯಿ ಘೋಷಿಸಿತು. ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗೆ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ನಿಗದಿಯಾಯಿತು. ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ನಮೂದಾಗದವರಿಗೆ ಇವುಗಳನ್ನು ಪಡೆಯುವುದು ಸುಲಭವಾಗಲಿಲ್ಲ.

ಸದ್ಯದ ಸ್ಥಿತಿ

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ಆರೋಗ್ಯ ತುರ್ತುಸ್ಥಿತಿಯ ಅಂತ್ಯವನ್ನು ಘೋಷಿಸಿತು. ವೈರಾಣು ಅಳಿದಿಲ್ಲ, ಹೊಸ ಉಪರೂಪಗಳಾಗಿ ಆಗಾಗ ಮರಳುತ್ತಿದೆ. ವೃದ್ಧರು, ಗರ್ಭಿಣಿಯರು ಹಾಗೂ ದೀರ್ಘಕಾಲದ ರೋಗಗಳಿರುವವರು ಜನಸಂದಣಿಯಲ್ಲಿ ಮಾಸ್ಕ್ ಧರಿಸುವುದು, ಜ್ವರ ಕೆಮ್ಮು ಇರುವವರು ಇತರರಿಂದ ದೂರವಿರುವುದು, ಒಳಾಂಗಣದಲ್ಲಿ ಗಾಳಿಯಾಡುವಂತೆ ನೋಡಿಕೊಳ್ಳುವುದು, ಉಸಿರಾಟದ ತೊಂದರೆ ಕಂಡಾಗ ತಡಮಾಡದೆ ವೈದ್ಯರನ್ನು ಕಾಣುವುದು ಇಂದಿಗೂ ಸಲ್ಲುವ ಮುನ್ನೆಚ್ಚರಿಕೆಗಳು. ತನಗೆ ಸೌಮ್ಯವಾಗಿ ಬಂದು ಹೋದ ಸೋಂಕು ಮನೆಯ ಹಿರಿಯರಿಗೆ ಮಾರಕವಾಗಬಹುದೆಂಬ ಅರಿವೇ ಈ ಎಲ್ಲ ಕ್ರಮಗಳಿಗೆ ಆಧಾರ.